ತಿಗರಿ ಇಲ್ಲ, ಆವಿಗೆ ಇಲ್ಲ: ಮಾತಾ ಓರ್ತಿಸ್ ಪದ್ಧತಿಯಲ್ಲಿ ಎರಡು ಗಡಿಗೆ

ಮಾಡಿದ್ದು ಎರಡು ಗಡಿಗೆ. ಒಂದಕ್ಕೆ ಕೆನೆಬಣ್ಣದ ಮೈ, ಅದರ ಮೇಲೆ ಕೆಂಪು, ಕಪ್ಪು ಗೆರೆ. ಇನ್ನೊಂದು ಪೂರ್ತಿ ಕಪ್ಪು. ಹೊಳೆಯುವ ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪಿನ ಚಿತ್ತಾರ. ಎರಡೂ ಗೇಣು ಎತ್ತರ ದಾಟಿಲ್ಲ. ತಿಗರಿ, ಅಂದರೆ ಕುಂಬಾರನ ಚಕ್ರ, ಮುಟ್ಟಿಲ್ಲ; ಆವಿಗೆ, ಅಂದರೆ ಗಡಿಗೆ ಸುಡುವ ಗೂಡು, ಹೂಡಿಲ್ಲ; ಗಾಜಿನಂಥ ಗ್ಲೇಜ್ ಲೇಪ ಹಚ್ಚಿಲ್ಲ. ಮೆಕ್ಸಿಕೊದ ಚಿವಾವಾ ರಾಜ್ಯದ ಮಾತಾ ಓರ್ತಿಸ್ ಹಳ್ಳಿಯ ಪದ್ಧತಿಯೇ ಹಾಗೆ. ನಾನಿರುವುದು ಗಡಿಯ ಈಚೆ, ಅಮೆರಿಕದ ಎಲ್ ಪಾಸೊದಲ್ಲಿ. ರಜೆ ಸಿಕ್ಕಾಗಲೆಲ್ಲ ಆ ಹಳ್ಳಿಗೆ ಹೋಗಿ, ಮನೆಯಂಗಳದಲ್ಲೇ ಕಲಿಸುವ ಒಬ್ಬ ಹೆಂಗಸಿನ ಪಕ್ಕ ಕೂತು ಮಾಡಿದ ಕೆಲಸ ಇದು. ಕಲಿಯಲು ಬಂದವರೆಲ್ಲ ಅವರನ್ನು ಮಾಯೆಸ್ತ್ರಾ (ಸ್ಪ್ಯಾನಿಷ್‌ನಲ್ಲಿ ಗುರು) ಅನ್ನುತ್ತಾರೆ, ನಾನೂ ಹಾಗೇ ಅಂದೆ. ಮಣ್ಣಲ್ಲಿ ಕೈಯಾಡಿಸುವ ಕನ್ನಡದವರು ಯಾರಾದರೂ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಊರಿನ ಕಥೆ ಸ್ವಲ್ಪ ಹೇಳದಿದ್ದರೆ ಅಲ್ಲಿನ ಹತ್ಯಾರುಗಳು ವಿಚಿತ್ರವಾಗಿ ಕಾಣುತ್ತವೆ. ಹಳ್ಳಿಗೆ ಸಮೀಪದಲ್ಲಿ ಪಾಕಿಮೆ ಎಂಬ ಪಾಳುನಗರವಿದೆ. ಮಣ್ಣಿನ ದಪ್ಪ ಗೋಡೆಗಳು, ಮಕಾವ್ ಗಿಳಿಗಳನ್ನು ಸಾಕುತ್ತಿದ್ದ ಗೂಡುಗಳು. 1998ರಿಂದ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಆ ನಗರ 14ನೇ ಶತಮಾನದ ಸುಮಾರಿಗೆ ಮೆರೆದು, ಆಮೇಲೆ ಬರಿದಾಯಿತು. ಅಲ್ಲಿನ ಬಣ್ಣದ ಗಡಿಗೆ ಮಾಡುವ ವಿದ್ಯೆಯೂ ಅದರ ಜೊತೆಗೇ ಹೋಯಿತು. ಅದನ್ನು ವಾಪಸು ತಂದವರು ಹುವಾನ್ ಕೆಸಾದಾ. 1940ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಸೌದೆಗೆ ಅಂತ ಗುಡ್ಡ ಹತ್ತಿದಾಗ ಸಿಕ್ಕ ಬೋಕಿಗಳನ್ನು ನೋಡಿ, ಇದನ್ನು ಹೇಗೆ ಮಾಡಿರಬಹುದು ಅಂತ ತಲೆಗೆ ಹಚ್ಚಿಕೊಂಡರು. ಹೇಳಿಕೊಡುವವರು ಒಬ್ಬರೂ ಇರಲಿಲ್ಲ. ಮಣ್ಣು, ಬಣ್ಣ, ಬೆಂಕಿ ಎಲ್ಲವನ್ನೂ ವರ್ಷಗಟ್ಟಲೆ ತಾವೇ ಮಾಡಿ, ಒಡೆದು, ಮತ್ತೆ ಮಾಡಿ ಹಿಡಿದರು. 1976ರಲ್ಲಿ ನ್ಯೂ ಮೆಕ್ಸಿಕೊದ ಡೆಮಿಂಗ್ ಪಟ್ಟಣದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅವರ ಮೂರು ಗಡಿಗೆ ಸ್ಪೆನ್ಸರ್ ಮ್ಯಾಕ್‌ಕ್ಯಾಲಮ್ ಎಂಬುವರ ಕಣ್ಣಿಗೆ ಬಿದ್ದವು. ಮಾಡಿದವರು ಯಾರು ಅಂತ ಹುಡುಕಿಕೊಂಡು ಅವರು ಈ ಹಳ್ಳಿಗೇ ಬಂದರು. 1999ರಲ್ಲಿ ಕೆಸಾದಾ ಅವರಿಗೆ ಮೆಕ್ಸಿಕೊ ಸರ್ಕಾರದ ರಾಷ್ಟ್ರೀಯ ಪ್ರಶಸ್ತಿ ಬಂತು. 2022ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಹಳ್ಳಿಯ ನೂರಾರು ಜನರ ಹೊಟ್ಟೆಪಾಡು ಗಡಿಗೆಯೇ ಆಗಿತ್ತು.

ಅಂದರೆ ಈ ಸಂಪ್ರದಾಯದ ಒಂದು ಕಾಲು ಏಳುನೂರು ವರ್ಷದ ಹಿಂದೆ, ಇನ್ನೊಂದು ಕಾಲು ನಮ್ಮಪ್ಪನ ಕಾಲದಲ್ಲಿ. ಆದ್ದರಿಂದ ಮಾಯೆಸ್ತ್ರಾ ಮೇಜಿನ ಮೇಲೆ ಹ್ಯಾಕ್ಸಾ ಬ್ಲೇಡು, ಬೇಬಿ ಆಯಿಲ್, ಸ್ಯಾಂಡ್ ಪೇಪರ್, ಪ್ಲಾಸ್ಟರ್ ಬಟ್ಟಲು ಕಂಡಾಗ ಮೂಗು ಮುರಿಯುವ ಅಗತ್ಯವಿಲ್ಲ. ಈ ಕೆಲಸವನ್ನು ಮತ್ತೆ ಕಂಡುಹಿಡಿದಾಗ ಮನೆಯಲ್ಲಿ ಏನಿತ್ತೋ ಅದೇ ಹತ್ಯಾರು. ಕೆಲವು ಅಂಗಡಿಗಳಲ್ಲಿ "ಪ್ರಾಚೀನ ಕುಂಬಾರಿಕೆ ಕಿಟ್" ಅಂತ ಮರದ ಚಾಕು, ಕಡ್ಡಿ, ಉಂಗುರ ಎಲ್ಲ ಸೇರಿಸಿ ದುಬಾರಿ ಬೆಲೆಗೆ ಮಾರುತ್ತಾರೆ. ಕೊಳ್ಳಬೇಡಿ. ಒಂದು ಬ್ಲೇಡು, ಒಂದು ನುಣುಪು ಕಲ್ಲು, ನಾಲ್ಕು ಎಳೆ ಕೂದಲು ಇದ್ದರೆ ಆಯಿತು.

ಮಣ್ಣು

ಗುಡ್ಡದಿಂದ ತಂದ ಮಣ್ಣು ಹೆಂಟೆಹೆಂಟೆಯಾಗಿ, ಪೂರ್ತಿ ಒಣಗಿದ್ದಾಗಲೇ ನೀರಿಗೆ ಬೀಳಬೇಕು. ಅರೆಹಸಿ ಹೆಂಟೆ ದಿನವಿಡೀ ನೆನೆದರೂ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಒಣಹೆಂಟೆ ನೀರು ಮುಟ್ಟಿದ ಕೂಡಲೇ ಬುಸ್ಸೆಂದು ಗುಳ್ಳೆಬಿಟ್ಟು ತಾನಾಗಿ ಉದುರುತ್ತದೆ. ಬಕೆಟ್‌ನಲ್ಲಿ ಕದಡಿ, ಕಲ್ಲು ತಳಕ್ಕೆ ಕೂರುವಷ್ಟು ಬಿಟ್ಟು, ಮೇಲಿನ ಗಂಜಿಯಂಥ ಮಣ್ಣುನೀರನ್ನು ಹಳೇ ಟೀ ಶರ್ಟ್‌ನಲ್ಲಿ ಸೋಸಿದೆವು. ಅದು ತಿಳಿಯಾದ ಮೇಲೆ ಮೇಲಿನ ನೀರು ಬಸಿದು, ಉಳಿದದ್ದನ್ನು ಪ್ಲಾಸ್ಟರ್ ಹಲಗೆಯ ಮೇಲೆ ಸುರಿದೆವು. ಪ್ಲಾಸ್ಟರ್ ನೀರು ಹೀರುತ್ತದೆ, ಮಣ್ಣು ನಾದುವ ಹದಕ್ಕೆ ಬರುತ್ತದೆ.

ಕೆಸಾದಾ ಅವರ ಮೊದಮೊದಲ ಗಡಿಗೆಗಳು ಬಿರಿಯುತ್ತಿದ್ದವಂತೆ. ಹಳೇ ಬೋಕಿಗಳ ಒಡೆದ ಅಂಚನ್ನು ನೋಡಿದಾಗ ಅದರೊಳಗೆ ಮರಳಿನಂಥ ಕಾಳು ಬೆರೆಸಿರುವುದು ಅವರಿಗೆ ಗೊತ್ತಾಯಿತು. ಬರೀ ನಯವಾದ ಜೇಡಿ ಒಣಗುವಾಗ ವಿಪರೀತ ಕುಗ್ಗುತ್ತದೆ, ಆವಿ ಹೊರಬರಲು ದಾರಿಯೂ ಇರುವುದಿಲ್ಲ. ಕಾಳಿದ್ದರೆ ಕುಗ್ಗುವುದು ಕಡಿಮೆ; ಹುಟ್ಟಿದ ಬಿರುಕೂ ಕಾಳಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಕಾಳು ಜಾಸ್ತಿಯಾದರೆ ಮೆರುಗು ಬರುವುದಿಲ್ಲ, ತಿಕ್ಕುವಾಗ ಕಲ್ಲಿಗೆ ಸಿಕ್ಕಿ ಗೀಚು ಬೀಳುತ್ತದೆ. ಮಾಯೆಸ್ತ್ರಾ ಹದ ನೋಡುವುದು ಬೆರಳು ಗಾತ್ರದ ಮಣ್ಣಿನ ಕೋಲನ್ನು ಬಗ್ಗಿಸಿ. ಬಾಗಿದ ಹೊರಮೈಯಲ್ಲಿ ಸೀಳು ಕಾಣಬಾರದು, ಬಿಟ್ಟಮೇಲೆ ಕೋಲು ಜೋತುಬೀಳಲೂ ಬಾರದು.

ಎತ್ತುವುದು

ತಳಕ್ಕೆ ಒಂದು ತೋರ್ತಿಯಾ, ಅಂದರೆ ಮೆಕ್ಸಿಕೊದ ರೊಟ್ಟಿಯಂಥ ಮಣ್ಣಿನ ಹಾಳೆ. ಮಣ್ಣನ್ನು ಚಪಾತಿಗಿಂತ ದಪ್ಪಕ್ಕೆ ಲಟ್ಟಿಸಿ, ಅದನ್ನು ಪ್ಲಾಸ್ಟರ್ ಬಟ್ಟಲಿನೊಳಗೆ ಒತ್ತಿ ಕೂರಿಸಿ, ಮೇಲೆ ಉಳಿದ ಅಂಚನ್ನು ಕತ್ತರಿಸುವುದು. ಆಮೇಲೆ ಚೊರಿಸೊ, ಅಂದರೆ ಹೆಬ್ಬೆರಳಿಗಿಂತ ದಪ್ಪನಾದ ಒಂದೇ ಒಂದು ಸುರುಳಿ. ಕೋಡುಬಳೆ ಸುತ್ತಿದ ಹಾಗೆ ಅದರ ಎರಡು ತುದಿ ಕೂಡಿಸಿ ತಳದ ಅಂಚಿನ ಮೇಲೆ ಕೂರಿಸಿ, ಒಳಗಿನಿಂದ ಒಂದು ಬೆರಳು, ಹೊರಗಿನಿಂದ ಒಂದು ಬೆರಳು ಕೊಟ್ಟು ಬೆಸೆಯಬೇಕು. ಗಡಿಗೆಯ ಇಡೀ ಗೋಡೆ ಈ ಒಂದೇ ಉಂಗುರದಿಂದ ಏಳುತ್ತದೆ. ಬಟ್ಟಲನ್ನು ತಿರುಗಿಸುತ್ತ, ಚಿವುಟಿ ಚಿವುಟಿ ಮೇಲೆತ್ತುವುದು. ಸಣ್ಣ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸುವ ಪದ್ಧತಿ ಎಷ್ಟೋ ಕಡೆ ಇದೆ, ಆದರೆ ಅದರಲ್ಲಿ ಸುರುಳಿಗೊಂದು ಬೆಸುಗೆ. ಸರಿಯಾಗಿ ಕೂಡದ ಬೆಸುಗೆ ಬೆಂಕಿಯಲ್ಲಿ ಬಾಯಿಬಿಡುತ್ತದೆ. ಇಲ್ಲಿ ಬೆಸುಗೆ ಕಡಿಮೆ, ಭಯವೂ ಕಡಿಮೆ.

ಹೊಟ್ಟೆಯನ್ನು ಉಬ್ಬಿಸುವುದು ಬ್ಲೇಡಿನಿಂದ. ಬಲಗೈಯಲ್ಲಿ ಹ್ಯಾಕ್ಸಾ ಬ್ಲೇಡಿನ ತುಂಡು, ಎಡಗೈ ಬೆರಳು ಗಡಿಗೆಯೊಳಗೆ ಆಸರೆಗೆ. ಬ್ಲೇಡು ಹೊರಗಿನಿಂದ ಮೇಲಕ್ಕೆ ಎಳೆಯುತ್ತದೆ, ಒಳಗಿನ ಬೆರಳು ಹೊರಕ್ಕೆ ತಳ್ಳುತ್ತದೆ. ಎರಡರ ನಡುವೆ ಮಣ್ಣು ತೆಳ್ಳಗಾಗುತ್ತ ಏಳುತ್ತದೆ. ಭುಜದ ಹತ್ತಿರ ಒಳಕ್ಕೆ ತಿರುಗಿಸುವಾಗ ಮಣ್ಣು ಸ್ವಲ್ಪ ಬಿಗಿದಿರಬೇಕು, ಇಲ್ಲದಿದ್ದರೆ ಕುಸಿಯುತ್ತದೆ. ಕೊನೆಗೆ ಬಾಯಿಗೆ ತೆಳುವಾದ ಇನ್ನೊಂದು ಸುರುಳಿ.

ಆ ಪ್ರದೇಶ ಮರುಭೂಮಿ. ಗಾಳಿಯಲ್ಲಿ ಪಸೆ ಇಲ್ಲವೇ ಇಲ್ಲ. ಬಾಯಿಯ ಅಂಚು ಒಣಗಿ ಬಿಳಿಚಿಕೊಂಡಾಗ ಹೊಟ್ಟೆ ಇನ್ನೂ ಹಸಿಯಾಗಿರುತ್ತದೆ. ಒಣಗಿದ್ದು ಕುಗ್ಗುತ್ತದೆ, ಹಸಿಯದ್ದು ಕುಗ್ಗುವುದಿಲ್ಲ. ಬಿರುಕು ಅಲ್ಲಿಂದ ಶುರು. ಬಾಯಿಗೆ ಒದ್ದೆಬಟ್ಟೆ ಸುತ್ತಿ, ಇಡೀ ಗಡಿಗೆಗೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೆ ಸ್ವಲ್ಪಸ್ವಲ್ಪವೇ ಬಿಚ್ಚಿದೆವು. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಮಾಡುವವರಿಗೆ ತೊಂದರೆ ಇದಕ್ಕೆ ಉಲ್ಟಾ ಇರುತ್ತದೆ.

ಕೆರೆಯುವುದು, ತಿಕ್ಕುವುದು

ನನ್ನ ಕೇಳಿದರೆ ಗಡಿಗೆ ಆಗುವುದು ಇಲ್ಲಿ. ಎತ್ತುವುದು ಅರ್ಧದಿನದ ಕೆಲಸ, ಸುಡುವುದು ಒಂದು ಗಂಟೆಯ ಆತಂಕ. ಉಳಿದದ್ದೆಲ್ಲ ಕೆರೆಯುವುದು, ತಿಕ್ಕುವುದು. ಅಂಗಡಿಯಲ್ಲಿ ಗಡಿಗೆ ನೋಡುವವರು ಗೆರೆ ನೋಡುತ್ತಾರೆ. ಮಾಯೆಸ್ತ್ರಾ ಮಾತ್ರ ಯಾವುದೇ ಗಡಿಗೆ ಕೈಗೆ ಕೊಟ್ಟರೂ ಮೊದಲು ತೂಕ ನೋಡಿ, ಆಮೇಲೆ ಒಳಗೆ ಬೆರಳು ಹಾಕುತ್ತಾರೆ.

ಬ್ಲೇಡಿನ ಹಲ್ಲಿರುವ ಬದಿಯಿಂದ ಮೊದಲು ಅಡ್ಡಡ್ಡ ಕೆರೆಯಬೇಕು, ಆಮೇಲೆ ಓರೆಯಾಗಿ. ಹೀಗೆ ಒಂದರ ಮೇಲೊಂದು ಹಾಯ್ದಾಗ ಉಬ್ಬು ಮಾತ್ರ ಹೋಗುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಹದ ಇದ್ದಾಗ ಮಣ್ಣು ಕೊಬ್ಬರಿ ತುರಿಯಷ್ಟು ಸಣ್ಣ ಎಳೆಯಾಗಿ ಬರುತ್ತದೆ, ಸದ್ದೂ ಮೆತ್ತಗೆ. ಸದ್ದು ಕರಕರ ಅನ್ನಲು ಶುರುವಾಗಿ ಎಳೆಯ ಬದಲು ಪುಡಿ ಉದುರಿದರೆ ಒಣಗಿದೆ ಅಂತ ಅರ್ಥ. ದಪ್ಪ ಎಲ್ಲಿದೆ ಅಂತ ತಿಳಿಯಲು ಬೆರಳಿನ ಗೆಣ್ಣಿನಿಂದ ತಟ್ಟಬೇಕು. ದಪ್ಪ ಇರುವ ಕಡೆ ಸದ್ದು ಮಂಕು. ನನ್ನ ಕೆನೆಬಣ್ಣದ ಗಡಿಗೆಯ ಭುಜದ ಕೆಳಗೆ ಅಂಥ ಒಂದು ಪಟ್ಟಿ ಇತ್ತು, ಅದನ್ನು ಇಳಿಸಲಿಕ್ಕೇ ತುಂಬಾ ಹೊತ್ತು ಹಿಡಿಯಿತು. ಕೊನೆಯಲ್ಲಿ ಬ್ಲೇಡಿನ ಹಲ್ಲಿಲ್ಲದ ಬೆನ್ನಿನಿಂದ ಒಂದು ಸುತ್ತು.

ಮೂಳೆಯ ಹಾಗೆ ಒಣಗಿದ ಮೇಲೆ ಸ್ಯಾಂಡ್ ಪೇಪರ್, ಮೊದಲು ಒರಟು, ಆಮೇಲೆ ನಯ. ಇದು ಅಂಗಳದಲ್ಲೇ ಆಗಬೇಕು, ಮೂಗಿಗೆ ಒಳ್ಳೆ ಮಾಸ್ಕ್ ಬೇಕು. ಒಣ ಜೇಡಿಯ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಎಳೆದುಕೊಂಡರೆ ಶ್ವಾಸಕೋಶ ಹಾಳಾಗುತ್ತದೆ. ಸಂಪ್ರದಾಯ ಅಂತ ಇದರಲ್ಲಿ ರಿಯಾಯಿತಿ ಇಲ್ಲ.

ಆಮೇಲೆ ಮೆರುಗು. ಒಣಗಿದ ಗಡಿಗೆಗೆ ಎಣ್ಣೆ ಸವರಿ, ಅದು ಇಂಗುವವರೆಗೆ ಬಿಡಬೇಕು. ನಂತರ ಅಂಗೈ ಅಗಲದ ಜಾಗಕ್ಕೆ ಮಾತ್ರ ನೀರು ಸವರಿ, ನುಣುಪು ಕಲ್ಲಿನಿಂದ ಒಂದೇ ದಿಕ್ಕಿಗೆ ಉಜ್ಜುವುದು. ಎಣ್ಣೆ ಇರುವುದರಿಂದ ನೀರು ಕೂಡಲೇ ಇಂಗಿಹೋಗುವುದಿಲ್ಲ, ಕಲ್ಲು ಜಾರುತ್ತದೆ. ಹೊಳಪು ಬರಲು ಕಾರಣ ಎಣ್ಣೆಯಲ್ಲ, ಅದು ಬೆಂಕಿಯಲ್ಲಿ ಸುಟ್ಟೇ ಹೋಗುತ್ತದೆ. ಜೇಡಿಮಣ್ಣಿನ ಕಣ ಅಂದರೆ ಚಪ್ಪಟೆ ಹಾಳೆ. ಕಲ್ಲಿನ ಒತ್ತಡಕ್ಕೆ ಆ ಹಾಳೆಗಳೆಲ್ಲ ಮೈಗೆ ಸಮಾನಾಂತರವಾಗಿ ಮಲಗಿ ಬೆಳಕನ್ನು ಒಂದೇ ಕಡೆಗೆ ಎಸೆಯುತ್ತವೆ. ಇದು ಗೊತ್ತಿದ್ದರೆ ಇನ್ನೂ ಎರಡು ಸಂಗತಿ ತಾನಾಗಿ ಅರ್ಥವಾಗುತ್ತವೆ: ಒಂದು, ಮರಳುಕಾಳಿನ ಮೇಲೆ ಎಷ್ಟು ಉಜ್ಜಿದರೂ ಹೊಳಪು ಯಾಕೆ ಬರುವುದಿಲ್ಲ ಅಂತ. ಇನ್ನೊಂದು, ಈ ಗಡಿಗೆಗಳನ್ನು ಸ್ಟೋನ್‌ವೇರ್‌ನ ಹಾಗೆ, ಅಂದರೆ ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆಗಳ ಹಾಗೆ, 1200 ಡಿಗ್ರಿಗೆ ಯಾಕೆ ಸುಡಬಾರದು ಅಂತ. ಅಷ್ಟು ಕಾವಿಗೆ ಮಲಗಿದ ಹಾಳೆಗಳೆಲ್ಲ ಕರಗಿ ಕುಗ್ಗಿ, ಮೆರುಗು ಸತ್ತುಹೋಗುತ್ತದೆ. ಇವನ್ನು ಸುಡುವ ಸಗಣಿಯ ಬೆಂಕಿ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಅದೇ ಇಲ್ಲಿ ಅನುಕೂಲ.

ಕಲ್ಲು ಒಂದೇ ಸಾಲದು. ಹೊಟ್ಟೆಗೆ ಚಪ್ಪಟೆ ಅಗೇಟು, ಕಂಠದ ತಿರುವಿಗೆ ಮೊನಚಾದ ಬೆಣಚುಕಲ್ಲು, ಬಾಯಿಯ ಒಳಗೆ ಜಿಂಕೆಯ ಮೂಳೆ. ಮಾಯೆಸ್ತ್ರಾ ಅವರ ಅಗೇಟು ಅವರ ತಾಯಿಯದ್ದು, ಅದನ್ನು ನನಗೆ ಮುಟ್ಟಲು ಕೊಡಲಿಲ್ಲ.

ಗೆರೆ

ಬಣ್ಣಗಳೆಲ್ಲ ನೆಲದಲ್ಲಿ ಸಿಗುವಂಥವು. ಕೆಂಪಿಗೆ ಕಬ್ಬಿಣ ತುಂಬಿದ ಕಾವಿಮಣ್ಣು, ಕಪ್ಪಿಗೆ ಮ್ಯಾಂಗನೀಸ್ ಕಲ್ಲು. ಎರಡನ್ನೂ ನುಣ್ಣಗೆ ಅರೆದು, ಮೈಗೆ ಹಿಡಿಯಲು ಜೇಡಿ ಬೆರೆಸಿ, ನೀರಲ್ಲಿ ಕಲಸುತ್ತಾರೆ. ಮ್ಯಾಂಗನೀಸ್ ಪುಡಿ ಉಸಿರಿಗೆ ಹೋದರೆ ನರಗಳಿಗೆ ವಿಷ, ಹಾಗಾಗಿ ಅದನ್ನು ಒದ್ದೆಯಲ್ಲೇ ಅರೆಯಬೇಕು.

ಕುಂಚ ಅಂದರೆ ಕಡ್ಡಿಯ ತುದಿಗೆ ಕಟ್ಟಿದ ಕೆಲವೇ ಎಳೆ ಕೂದಲು, ಎರಡು ಇಂಚಿನಷ್ಟು ಉದ್ದ. ಚಿಕ್ಕ ಮಕ್ಕಳ ನೆಟ್ಟನೆಯ ಕೂದಲು ಶ್ರೇಷ್ಠ. ನನಗೆ ಸಿಕ್ಕಿದ್ದು ಮಾಯೆಸ್ತ್ರಾ ಅವರ ಮೊಮ್ಮಗಳದ್ದು. ಅದರಿಂದ ಗೆರೆ ಎಳೆಯುವುದು ಪೆನ್ನಿನ ಹಾಗಲ್ಲ. ಕೂದಲಿನ ಇಡೀ ಉದ್ದವನ್ನು ಗಡಿಗೆಯ ಮೈಮೇಲೆ ಮಲಗಿಸಿ, ಹಿಂದಕ್ಕೆ ಎಳೆಯುತ್ತ ಹೋಗುವುದು. ತುದಿ ತಾನು ಬಂದ ದಾರಿಯನ್ನೇ ಹಿಡಿದು ಬರುವುದರಿಂದ ಕೈ ಸ್ವಲ್ಪ ನಡುಗಿದರೂ ಗೆರೆಯಲ್ಲಿ ಕಾಣುವುದಿಲ್ಲ. ಬಾಗಿದ ಮೈಮೇಲೆ ಇಷ್ಟು ನೇರ ಗೆರೆ ಹೇಗೆ ಬರುತ್ತದೆ ಅನ್ನುವುದಕ್ಕೆ ಉತ್ತರ ಆ ಕೂದಲಿನ ಉದ್ದದಲ್ಲಿದೆ.

ಬಾಯಿಯ ಸುತ್ತ ನಾಲ್ಕು ಚುಕ್ಕೆ ಇಟ್ಟು, ಅಲ್ಲಿಂದ ಕೆಳಕ್ಕೆ ಮೈಯನ್ನು ನಾಲ್ಕು ಭಾಗ ಮಾಡಿಕೊಂಡೆ. ಒಂದು ಭಾಗದಲ್ಲಿ ಹಾಕಿದ್ದನ್ನು ಎದುರಿನ ಭಾಗದಲ್ಲೂ ಹಾಕುವುದು. ಮೆಟ್ಟಿಲು ಸುರುಳಿ, ಮಕಾವ್ ಗಿಳಿಯ ಕೊಕ್ಕು, ಎಲ್ಲ ಪಾಕಿಮೆಯಿಂದ ಬಂದದ್ದು. ನುರಿತವರು ಪೆನ್ಸಿಲ್ ಗುರುತನ್ನೂ ಹಾಕುವುದಿಲ್ಲ. ಮೊದಲು ಗೆರೆಯಲ್ಲಿ ಮನೆ ಕಟ್ಟಿಕೊಂಡು, ಆಮೇಲೆ ಒಳಗೆ ಬಣ್ಣ ತುಂಬಬೇಕು.

ಬೆಂಕಿ

ಸುಡುವ ದಿನ ಬೆಳಗ್ಗೆ ಗಡಿಗೆ ಮೊದಲು ಅಡುಗೆಮನೆಯ ಓವನ್ನಿಗೆ ಹೋಗುತ್ತದೆ. ಕಾವು ನಿಧಾನವಾಗಿ ನೂರು ಡಿಗ್ರಿ ದಾಟಬೇಕು. ಒಣಗಿದಂತೆ ಕಂಡರೂ ಮಣ್ಣಿನ ಸಂದಿನಲ್ಲಿ ಪಸೆ ಇರುತ್ತದೆ. ಅದು ಬೆಂಕಿಯಲ್ಲಿ ಒಮ್ಮೆಲೇ ಆವಿಯಾದರೆ ಗಡಿಗೆಯ ಮೈ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ.

ಇಂಧನ ಹಸುವಿನ ಸಗಣಿ. ತಟ್ಟಿದ ಬೆರಣಿಯಲ್ಲ, ಬಯಲಲ್ಲಿ ಬಿದ್ದಲ್ಲೇ ಬಿಸಿಲಿಗೆ ಒಣಗಿದ್ದು. ನಮ್ಮ ಗದಗಿನ ಕಡೆ ಅಡವಿ ಕುಳ್ಳು ಅನ್ನುವುದು ಇದನ್ನೇ. ಕೈಗೆತ್ತಿಕೊಂಡರೆ ರಟ್ಟಿನಷ್ಟು ಹಗುರ ಇರಬೇಕು. ಹುಲ್ಲು ಮೇದ ದನದ್ದೇ ಆಗಬೇಕು. ಅದರಲ್ಲಿ ನಾರು ಹೆಚ್ಚು. ನಾರಿನ ಸಂದಿನಲ್ಲಿ ಗಾಳಿಯಾಡಿ ಬೇಗ, ಸಮನಾಗಿ ಉರಿಯುತ್ತದೆ. ಉರಿದ ಮೇಲೂ ಬೂದಿ ತನ್ನ ಆಕಾರದಲ್ಲೇ ನಿಂತು ಕಾವನ್ನು ಒಳಗೇ ಹಿಡಿದಿಡುತ್ತದೆ. ಮುಂಜಾನೆ ಬೆರಣಿ ಒಲೆ ಹಚ್ಚಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲೆಗೆ ಯಾವ ಕುಳ್ಳು ಆಗುತ್ತದೆ, ಯಾವುದು ಬರೀ ಹೊಗೆಯಾಡುತ್ತದೆ ಅಂತ ಆರಿಸುವ ಕೆಲಸವನ್ನು ಮಾಯೆಸ್ತ್ರಾ ನನಗೇ ಬಿಟ್ಟರು.

ನೆಲದ ಮೇಲೆ ಮೂರು ಕಲ್ಲು, ಅದರ ಮೇಲೆ ಗಡಿಗೆ. ಅದರ ಮೇಲೆ ಕವುಚಿ ಹಾಕಿದ ಸುಟ್ಟಮಣ್ಣಿನ ದೊಡ್ಡ ಕುಂಡ. ಕುಂಡದ ಕೆಳಗೂ ಕಲ್ಲು ಕೊಟ್ಟು ಎತ್ತರಿಸಿದ್ದರಿಂದ ಬುಡದಲ್ಲಿ ಗಾಳಿ ನುಗ್ಗಲು ಸಂದು ಇದೆ. ಕುಂಡದ ಸುತ್ತ, ಮೇಲೆ ಕುಳ್ಳು ಪೇರಿಸಿ, ಸ್ವಲ್ಪ ಸೀಮೆಎಣ್ಣೆ ಚಿಮುಕಿಸಿ, ಎಲ್ಲ ಕಡೆಯಿಂದ ಒಟ್ಟಿಗೇ ಬೆಂಕಿ ಕೊಡಬೇಕು. ಒಂದೇ ಕಡೆ ಹಚ್ಚಿದರೆ ಆ ಬದಿ ಮೊದಲು ಕಾದು ಗಡಿಗೆ ಸೀಳುತ್ತದೆ. ಒಂದು ಸಲಕ್ಕೆ ಒಂದೇ ಗಡಿಗೆ. ಉರಿ ಅರ್ಧ ಗಂಟೆಯ ಆಸುಪಾಸು ಜೋರಾಗಿದ್ದು ಇಳಿಯುತ್ತದೆ. ಆಮೇಲೆ ಕಾಯುವುದು. ಸದ್ದು ಕೇಳುತ್ತ ಕೂರಬೇಕು. ಟಪ್ ಅಂದರೆ ಮುಗಿಯಿತು.

ಟಪ್ ಅನ್ನಲಿಲ್ಲ. ಕುಂಡ ಎತ್ತಿದಾಗ ಮೈ ಕೆನೆಬಣ್ಣಕ್ಕೆ ತಿರುಗಿತ್ತು, ಕೆಂಪು ಚೆನ್ನಾಗಿ ಏರಿತ್ತು. ಆದರೆ ತಳದ ಹತ್ತಿರ ಹೆಬ್ಬೆಟ್ಟಿನಗಲದ ಬೂದುಗಪ್ಪು ಕಲೆ. ಉರಿಯುವಾಗ ಗಾಳಿ ತಿರುಗಿ, ಹೊಗೆ ಬುಡದ ಸಂದಿನಿಂದ ಒಳಕ್ಕೆ ಹೋಗಿ ಅಲ್ಲಿ ಇಂಗಾಲ ಕೂತಿತ್ತು. ಕೆಲವರು ಇಂಥ ಕಲೆಯನ್ನು ಬೆಂಕಿಯ ಸಹಿ ಅಂತ ಮೆಚ್ಚುತ್ತಾರೆ. ಗೆರೆಗಳ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿರುವ ಗಡಿಗೆಯಲ್ಲಿ ಅದು ನನಗೆ ಕೊಳೆಯಂತೆಯೇ ಕಂಡಿತು. ಮಾಯೆಸ್ತ್ರಾ ಅವರದ್ದೂ ಅದೇ ಅಭಿಪ್ರಾಯ.

ಇದಕ್ಕೆ ರಿಪೇರಿ ಇದೆ. ಕಲೆ ಬರೀ ಇಂಗಾಲ, ಗಾಳಿ ಸಿಕ್ಕರೆ ಅದೂ ಸುಟ್ಟುಹೋಗುತ್ತದೆ. ಗಡಿಗೆಯನ್ನು ಮತ್ತೆ ಓವನ್ನಿನಲ್ಲಿ ಬಿಸಿಮಾಡಿ, ಈ ಸಲ ಕುಂಡವನ್ನು ಇನ್ನೂ ಸ್ವಲ್ಪ ಎತ್ತರಿಸಿ, ಕುಳ್ಳಿನ ಬದಲು ಕಾಟನ್‌ವುಡ್ ಮರದ ಒಣ ತೊಗಟೆ ಜೋಡಿಸಿದೆವು. ತೊಗಟೆಯ ಉರಿಯಲ್ಲಿ ಹೊಗೆ ಕಡಿಮೆ. ಗಾಳಿ ಬರುವ ದಿಕ್ಕಿಗೆ ತಗಡಿನ ಮರೆ. ಎರಡನೇ ಸುಡುವಿಕೆಯಲ್ಲಿ ಸೀಳುವ ಅಪಾಯ ಇದ್ದೇ ಇದೆ, ಏಕೆಂದರೆ ಮಣ್ಣಿನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. ಆ ಕಾರಣಕ್ಕೇ ಉರಿ ಇಳಿದ ಮೇಲೂ ಕುಂಡ ಮುಟ್ಟದೆ, ಬೂದಿ ಕೆದಕದೆ ತಣ್ಣಗಾಗಲು ಬಿಟ್ಟೆವು. ಕಲೆ ಹೋಗಿತ್ತು. ಕಪ್ಪು ಗೆರೆ ಹಾಗೇ ಉಳಿದಿತ್ತು, ಅದು ಮ್ಯಾಂಗನೀಸ್ ಆದ್ದರಿಂದ ಗಾಳಿಗೆ ಮಾಸುವುದಿಲ್ಲ.

ಕಪ್ಪು ಗಡಿಗೆ

ಎರಡನೆಯದರಲ್ಲಿ ಎಲ್ಲವೂ ತಿರುಗುಮುರುಗು: ಮೊದಲನೆಯದಕ್ಕೆ ಗಾಳಿ ಬೇಕು, ಇದಕ್ಕೆ ಬೇಡ. ಮಣ್ಣು ಕೆಂಪು ಜೇಡಿ. ಮೆರುಗು ತಿಕ್ಕಿ ಮುಗಿದ ಮೇಲೆ ಚಿತ್ತಾರವನ್ನು ಮಣ್ಣಿನ ಬಣ್ಣದಲ್ಲಿ ಬರೆದು, ಅದರ ಮೇಲೆ ಕಲ್ಲು ಆಡಿಸದೆ ಬಿಡುವುದು. ಸುಟ್ಟಮೇಲೆ ತಿಕ್ಕಿದ ಜಾಗ ಹೊಳೆಯುತ್ತದೆ, ಬರೆದ ಜಾಗ ಮಂಕಾಗಿರುತ್ತದೆ. ಚಿತ್ತಾರ ಕಾಣುವುದು ಆ ವ್ಯತ್ಯಾಸದಿಂದ ಮಾತ್ರ. ನ್ಯೂ ಮೆಕ್ಸಿಕೊದ ಸಾನ್ ಇಲ್ಡೆಫಾನ್ಸೊ ಪ್ವೆಬ್ಲೊ ಎಂಬ ಮೂಲನಿವಾಸಿಗಳ ಹಳ್ಳಿಯಲ್ಲಿ ಮರಿಯಾ ಮಾರ್ಟಿನೆಸ್ ದಂಪತಿ ಹೆಸರಾದದ್ದೂ ಕಪ್ಪಿನ ಮೇಲೆ ಕಪ್ಪು ಚಿತ್ತಾರದ ಗಡಿಗೆಗಳಿಂದಲೇ.

ಗಡಿಗೆಯ ಕೆಳಗೆ ಪುಡಿ ಮಾಡಿದ ಒಣಸಗಣಿ ಹರಡಿ, ಕುಂಡದ ಬದಲು ತಗಡಿನ ಬಕೆಟ್ ಕವುಚಿ, ಅಂಚಿನ ಸುತ್ತ ಮಣ್ಣು ಒತ್ತಿ ಬಿಗಿ ಮಾಡಿದೆವು. ಹೊರಗೆ ಮಾಮೂಲಿ ಕುಳ್ಳಿನ ಬೆಂಕಿ. ಒಳಗಿನ ಪುಡಿಗೆ ಉರಿಯಲು ಗಾಳಿ ಇಲ್ಲ, ಕಮರಿ ದಟ್ಟ ಹೊಗೆಯಾಗುತ್ತದೆ. ಆ ಹೊಗೆಯ ಇಂಗಾಲ ಮಣ್ಣಿನ ರಂಧ್ರಗಳಲ್ಲಿ ತುಂಬುತ್ತದೆ. ಜೊತೆಗೆ ಕೆಂಪು ಕಬ್ಬಿಣದ ಆಕ್ಸೈಡು ಆಮ್ಲಜನಕ ಕಳೆದುಕೊಂಡು ಕಪ್ಪಾಗುತ್ತದೆ. ಉರಿಯುವಾಗ ಬಕೆಟ್ ಅಂಚಿನಿಂದ ಹೊಗೆಯ ಎಳೆ ಏನಾದರೂ ಹೊರಬಂದರೆ ಅಲ್ಲಿಗೆ ಕೂಡಲೇ ಒಂದು ಬೊಗಸೆ ಮಣ್ಣು. ಮಾಯೆಸ್ತ್ರಾ ಸಲಿಕೆ ಹಿಡಿದು ಸುತ್ತುತ್ತಲೇ ಇದ್ದರು.

ತೆಗೆಯುವ ಆತುರ ಇಲ್ಲಿ ಮೊದಲನೆಯದಕ್ಕಿಂತ ದುಬಾರಿ. ಬಿಸಿ ಇರುವಾಗಲೇ ಬಕೆಟ್ ಎತ್ತಿದರೆ ಗಾಳಿ ತಾಗಿ ಕಪ್ಪು ಕಂದಾಗುತ್ತದೆ, ಅದೂ ಪಟ್ಟೆಪಟ್ಟೆಯಾಗಿ. ಬಕೆಟ್ ಮೇಲೆ ಅಂಗೈ ಇಡುವಷ್ಟು ಆರಿದ ಮೇಲೆ ತೆಗೆದು, ಬೂದಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿದೆವು. ಕಪ್ಪು ಸಮನಾಗಿ ಬಂದಿದೆ. ಗೆಣ್ಣಿನಿಂದ ತಟ್ಟಿದರೆ ಕಣ್ ಅನ್ನುತ್ತದೆ; ಕಣ್ಣಿಗೆ ಕಾಣದ ಸೀಳಿದ್ದಿದ್ದರೆ ದಬ್ ಅನ್ನುತ್ತಿತ್ತು.

ಇಟ್ಟುಕೊಳ್ಳುವವರಿಗೆ

ಇವು ನೋಡುವ ಗಡಿಗೆಗಳು. ಇಷ್ಟು ಕಡಿಮೆ ಕಾವಿನಲ್ಲಿ ಸುಟ್ಟದ್ದಕ್ಕೆ ನೀರು ಹಾಕಿದರೆ ಒಸರುತ್ತದೆ, ಮೆರುಗು ಎದ್ದುಬರುತ್ತದೆ. ಹೂವಿಡಲು ಆಗುವುದಿಲ್ಲ, ಊಟತಿಂಡಿಗಂತೂ ಬೇಡವೇ ಬೇಡ. ಒದ್ದೆಬಟ್ಟೆಯಲ್ಲಿ ಒರೆಸಬಾರದು. ಬಾಯಿ ಹಿಡಿದು ಎತ್ತದೆ ತಳಕ್ಕೆ ಕೈ ಕೊಡಬೇಕು. ಸಾಗಿಸುವಾಗ ಮೆರುಗಿಗೆ ಟೇಪು ತಾಗಬಾರದು. ನಾನು ಮೊದಲು ಹತ್ತಿಬಟ್ಟೆ, ಆಮೇಲೆ ಗುಳ್ಳೆಪ್ಲಾಸ್ಟಿಕ್ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ತಂದೆ.

ಹಳ್ಳಿಗೆ ಹೋಗಿ ಕೊಳ್ಳುವವರು ಒಂದು ಚಿಕ್ಕ ಗಡಿಗೆಯ ಬೆಲೆ ಕೇಳಿ ಹೌಹಾರುವುದನ್ನು ನೋಡಿದ್ದೇನೆ. ಚೌಕಾಸಿ ಶುರುಮಾಡುವ ಮುಂಚೆ ಒಂದು ಮಧ್ಯಾಹ್ನ ಕಲ್ಲು ಹಿಡಿದು ತಿಕ್ಕಿ ನೋಡಲಿ.

ಎಲ್ ಪಾಸೊದ ಹಿತ್ತಲಲ್ಲಿ ಇದನ್ನೇ ಮಾಡುವ ಯೋಚನೆ ಇದೆ. ಮಣ್ಣು, ಬ್ಲೇಡು, ಕಲ್ಲು ಎಲ್ಲ ಹೊಂದಿಸಿಕೊಂಡಿದ್ದೇನೆ. ತೊಡಕು ಎರಡು: ಬಯಲಲ್ಲಿ ಬೆಂಕಿ ಹಾಕಲು ಊರೊಳಗೆ ಅನುಮತಿ ಬೇಕು, ಮತ್ತೆ ಇಲ್ಲಿ ಸುಲಭವಾಗಿ ಸಿಗುವುದು ಕೊಟ್ಟಿಗೆಯಲ್ಲಿ ಕಾಳು ತಿನ್ನಿಸಿ ಬೆಳೆಸಿದ ದನದ ಸಗಣಿ. ಅದರಲ್ಲಿ ನಾರೇ ಇಲ್ಲ, ಮುದ್ದೆಯಾಗಿ ಒಣಗಿ ಬರೀ ಹೊಗೆಯಾಡುತ್ತದೆ. ಊರಾಚೆ ಹುಲ್ಲುಗಾವಲಿರುವ ಒಬ್ಬರನ್ನು ಕೇಳಿದ್ದೇನೆ. ಎಷ್ಟು ಬೇಕಾದರೂ ಒಯ್ಯಿ, ಆದರೆ ಏನಕ್ಕೆ ಅಂತ ಮೊದಲು ಹೇಳು ಅಂದಿದ್ದಾರೆ.